ಮಾವನ ಗಾಜಿನ ಚಿಲುಮೆಗೊಂದು ಕೌದಿ

ಗಾಜಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಅರ್ಧ ಆಯುಷ್ಯ ಕಳೆದವನು ನಾನು. ಬೀಕರು, ಪ್ರನಾಳ, ಪಿಪೆಟ್ಟುಗಳನ್ನು ತೊಟ್ಟಿಲ ಕೂಸಿನಂತೆ ಎತ್ತಿ ಇಳಿಸಿದ್ದೇನೆ. ಕೆಲವು ಒಡೆದದ್ದೂ ಉಂಟು. ಆದರೆ ಅವೆಲ್ಲ ವಿದ್ಯಾರ್ಥಿಗಳ ಹೆಸರಿನಲ್ಲಿ ಒಡೆದಿವೆ!

ಹೀಗಿರುವಾಗ ನಮ್ಮ ಮಾವ ತಮ್ಮ ಗಾಜಿನ ಚಿಲುಮೆಯ ಸಮೇತ ಸಂಶಿಯ ನಮ್ಮ ಮನೆಗೆ ಬಂದಿಳಿದರೆ, ಅದರ ರಕ್ಷಣೆಯ ಹೊಣೆ ಯಾರ ಹೆಗಲಿಗೆ ಬೀಳಬೇಕು, ನೀವೇ ಹೇಳಿ.

ಮಾವ ಅಂದರೆ ನನ್ನ ಹೆಂಡತಿ ರೇಣುಕಾಳ ಅಪ್ಪ. ಅಣ್ಣಿಗೇರಿಯ ಅವರ ಮನೆಗೆ ಹೊಸ ಸ್ಲ್ಯಾಬು ಹಾಕಿಸುತ್ತಿದ್ದರು. ಕೆಲಸ ಮುಗಿಯುವ ತನಕ ಮಗಳ ಮನೆಯಲ್ಲಿರಲಿ ಎಂದು ರೇಣುಕಾಳ ಅಣ್ಣ ಕಳಿಸಿಕೊಟ್ಟಿದ್ದ. ಹಿಂದೆ ಕುರಿ ಹಿಂಡು ಕಟ್ಟಿಕೊಂಡು ಊರೂರು ತಿರುಗಿದ ಗಟ್ಟಿ ಜೀವ ಅದು. ಆಗೆಲ್ಲ ಮಣ್ಣಿನ ಚಿಲುಮೆ. ಬಿತ್ತು, ಒಡೆಯಿತು, ಮುಂದಿನ ಸಂತೆಯಲ್ಲಿ ಇನ್ನೊಂದು. ಅದಕ್ಕಾಗಿ ಅವರು ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ.

ಆದರೆ ಈ ಗಾಜಿನದು ಬೇರೆ. ಮೌಲಾಲಿ ಎಂಬ ಜೀವದ ಗೆಳೆಯ ಅವರಿಗಿದ್ದ. ಲಾರಿ ಓಡಿಸುತ್ತಿದ್ದ. ಒಮ್ಮೆ ಉತ್ತರದ ಕಡೆಯಿಂದ ಗಾಜಿನ ಬಳೆಗಳ ಲೋಡು ತರುವಾಗ ಈ ಚಿಲುಮೆಯನ್ನೂ ಗೆಳೆಯನಿಗೆಂದು ತಂದುಕೊಟ್ಟಿದ್ದ. ಊರಿಗೆ ಬಂದಾಗಲೆಲ್ಲ ಇಬ್ಬರೂ ಅದರಲ್ಲೇ ಸರದಿಯಂತೆ ಸೇದುತ್ತಿದ್ದರು. ಒಂದು ತುದಿಗೆ ತಿಳಿ ಹಸಿರು ಬಣ್ಣದ ಪುಟ್ಟ ಬಟ್ಟಲು, ಅದಕ್ಕೆ ಬೆರಳುದ್ದದ ಕೊಳವೆ. ಹೋದ ವರ್ಷ ಮೌಲಾಲಿ ತೀರಿಕೊಂಡ. ಅದೇ ಹೊತ್ತಿಗೆ ಡಾಕ್ಟರು ಮಾವನಿಗೆ ತಂಬಾಕು ಬಂದ್ ಮಾಡಿದರು. ಮಾವ ತಂಬಾಕು ಬಿಟ್ಟರು, ಚಿಲುಮೆ ಬಿಡಲಿಲ್ಲ. ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಖಾಲಿ ಚಿಲುಮೆಯನ್ನೇ ತುಟಿಗಿಟ್ಟುಕೊಂಡು ರಸ್ತೆ ನೋಡುತ್ತಾರೆ. ಬೆಂಕಿಯಿಲ್ಲ, ಹೊಗೆಯಿಲ್ಲ.

"ಖಾಲಿ ಎಳದ್ರ ಏನ್ ಬರ್ತೈತ್ರಿ ಮಾವಾರ?" ಎಂದು ಕೇಳಿದೆ.

"ಏನೂ ಬರಂಗಿಲ್ಲ ಅಳಿಯಾರ. ಮೌಲಾಲಿ ಬಾಜೂಕ ಕುಂತಾಂಗ ಆಕ್ಕೈತಿ, ಅಷ್ಟ," ಎಂದರು.

ಇಂಥ ವಸ್ತುವನ್ನು ಅವರು ಇಡುತ್ತಿದ್ದದ್ದು ಎಲ್ಲಿ? ಅಂಗಿಯ ಬಗಲ ಕಿಸೆಯಲ್ಲಿ! ಬೀಗದ ಕೈ ಮತ್ತು ಅಡಿಕೆ ಕತ್ತರಿಸುವ ಅಡಕೊತ್ತಿನ ಜೊತೆಗೆ! ಅವರು ಚಪ್ಪಲಿ ಮೆಟ್ಟಲು ಬಗ್ಗಿದಾಗಲೆಲ್ಲ ನಾನು ಕೆಳಗೆ ಕೈ ಚಾಚಿ ನಿಲ್ಲುತ್ತಿದ್ದೆ. ಒಂದು ದಿನ ಅದು ಜಾರಿಯೇ ಬಿಟ್ಟಿತು. ಕಟ್ಟೆಯ ಮೇಲೆ ಉರುಳುತ್ತ ಅಂಚಿಗೆ ಬಂದಿದ್ದನ್ನು ನಾನು ಹಾರಿ ಹಿಡಿದೆ. ಮಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಧೋತರದ ಅಂಚಿನಿಂದ ಒರೆಸಿದರು. "ಇದು ಒಡದಿದ್ರ ಅಂವಾ ಇನ್ನೊಮ್ಮಿ ಸತ್ತಾಂಗ ಆಗ್ತಿತ್ರಿ," ಎಂದರು.

ಆ ಕ್ಷಣದಲ್ಲಿಯೇ 'ಮಾನ್ಯ ಮಾವನವರ ಚಿಲುಮೆ ಸಂರಕ್ಷಣಾ ಯೋಜನೆ'ಗೆ ನಾನು ಮನಸ್ಸಿನಲ್ಲೇ ಚಾಲನೆ ಕೊಟ್ಟೆ. ಇದಕ್ಕೊಂದು ಭದ್ರವಾದ ಕವಚ ಬೇಕು. ಕವಚ ನಾನು ಮಾಡುತ್ತೇನೆ!

"ನೀವಾ?" ಎಂದಳು ರೇಣುಕಾ. ಅವಳ ಆ ಒಂದು ಪದದಲ್ಲಿ ನಮ್ಮ ಸಂಸಾರದ ಇಡೀ ಇತಿಹಾಸವಿತ್ತು. ನಾನು ಗಮನ ಕೊಡಲಿಲ್ಲ.

ಮೊದಲ ಪ್ರಯತ್ನ ಸರಳವಾಗಿತ್ತು. ನನ್ನ ಉಣ್ಣೆಯ ಕಾಲುಚೀಲ. ಮೆತ್ತಗೆ, ಬೆಚ್ಚಗೆ, ಅಳತೆಗೂ ಸರಿ. ಒಗೆದದ್ದೇ ಇತ್ತು. ಚಿಲುಮೆಯನ್ನು ಅದರೊಳಗಿಳಿಸಿ ಮಾವನ ಮುಂದೆ ಹಿಡಿದೆ. ಮಾವ ಒಮ್ಮೆ ಕಾಲುಚೀಲ ನೋಡಿದರು, ಒಮ್ಮೆ ನನ್ನ ಕಾಲು ನೋಡಿದರು.

"ಅಳಿಯಾರ, ಚಿಲುಮಿನ ನಾ ಬಾಯಾಗ ಇಡಾಂವ್ರಿ."

ಯೋಜನೆಯ ಮೊದಲ ಹಂತ ಅಲ್ಲಿಗೆ ಮುಕ್ತಾಯ.

ಎರಡನೆಯ ಸಲ ವಿಜ್ಞಾನದ ಮೊರೆ ಹೋದೆ. ಥರ್ಮಾಮೀಟರು ಬಂದಿದ್ದ ಒಂದು ಹಳೆಯ ಡಬ್ಬಿ ಹಿಡಿದು ಅದರಲ್ಲಿ ಹತ್ತಿ ತುಂಬಿ ಚಿಲುಮೆಯನ್ನು ಮಲಗಿಸಿದೆ. ಹೊರಗಿನಿಂದ ಮಾತ್ರ ರಕ್ಷಣೆ ಸಾಕೇ? ಒಳಗಿನಿಂದಲೂ ಬೇಕಲ್ಲ! ಬಟ್ಟಲಿನೊಳಗೂ ಒಂದಿಷ್ಟು ಹತ್ತಿ ತುರುಕಿದೆ. ಅದನ್ನು ಮಾವನಿಗೆ ಹೇಳುವುದನ್ನು ಮಾತ್ರ ಮರೆತೆ. ಊಟ ಮುಗಿಸಿ ಬಂದ ಅವರು ಚಿಲುಮೆಯನ್ನು ತುಟಿಗಿಟ್ಟು ಗೆಳೆಯನ ನೆನಪಿನಲ್ಲಿ ಒಂದು ದೀರ್ಘ ಉಸಿರೆಳೆದರು. ಹತ್ತಿಯ ಎಳೆ ಕೊಳವೆಯಲ್ಲಿ ಹಾಯ್ದು ಸೀದಾ ಗಂಟಲಿಗೆ!

ಮಾವ ಕೆಮ್ಮಿದರು. ಎಂಥ ಕೆಮ್ಮು! ಓಣಿಯ ಕೋಳಿಗಳು ಚದುರಿಹೋದವು. ಬಾಜೂ ಮನೆಯ ನೀಲವ್ವ ಕಾಕು ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಡಾಕ್ಟರ್ ಬ್ಯಾಡಂದ್ರೂ ಮತ್ತ ಸೇದಾಕ ಹತ್ತೀರೇನ ಯಣ್ಣಾ? ನಾಚಿಕಿ ಆಗೂದಿಲ್ಲ?"

ಮಾವ ಇನ್ನೂ ಕೆಮ್ಮುತ್ತಲೇ ಇದ್ದರು. ನಾನೇ, "ತಂಬಾಕಲ್ಲ ಕಾಕೂ, ಹತ್ತಿ ಸೇದ್ಯಾರ," ಎಂದು ವಿವರಿಸಿದೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಸಂಜೆಯೊಳಗೆ ಅಣ್ಣಿಗೇರಿಯಿಂದ ರೇಣುಕಾಳ ಅಣ್ಣನ ಫೋನು ಬಂತು. ಅಪ್ಪ ಹತ್ತಿ ಸೇದುವುದು ಯಾವಾಗಿನಿಂದ ಶುರುವಾಯಿತು ಎಂದು ಅವನು ಬಹಳ ಚಿಂತೆಯಿಂದ ಕೇಳಿದ.

ಇಷ್ಟಾದ ಮೇಲೆ ಜಾಣರು ಸುಮ್ಮನಾಗುತ್ತಾರೆ. ನಾನು ಸೂಜಿ ದಾರ ಹಿಡಿದೆ.

ನಮ್ಮ ಕಡೆ ಮೆತ್ತಗಿನ ವಸ್ತು ಅಂದರೆ ಕೌದಿ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದ ಹೊಲಿದ ಹೊದಿಕೆ. ಮನುಷ್ಯರಿಗೇ ಕೌದಿ ಇರುವಾಗ ಚಿಲುಮೆಗೇಕೆ ಬೇಡ? ರೇಣುಕಾಳ ಹಳೆಯ ಇಳಕಲ್ ಸೀರೆಯ ಸೆರಗು, ನನ್ನ ಪ್ಯಾಂಟಿನ ತುಂಡು, ದಿಂಬಿನ ಚೀಲ, ಎಲ್ಲ ಕತ್ತರಿಸಿ ಪದರು ಪದರಾಗಿ ಜೋಡಿಸಿ ಕೂತೆ.

"ನಾ ಹೊಲದು ಕೊಡ್ತೇನಿ ತರ್ರಿ," ಎಂದಳು ರೇಣುಕಾ.

"ಇದು ಅಳಿಯ-ಮಾವನ ವ್ಯವಹಾರ," ಎಂದೆ.

ಒಂದು ಬದಿ ಹೊಲಿದು ಹೆಮ್ಮೆಯಿಂದ ಎದ್ದು ನಿಂತೆ. ಕೌದಿಯೂ ನನ್ನ ಜೊತೆಗೇ ಎದ್ದಿತು. ಉಟ್ಟ ಲುಂಗಿಗೇ ಸೇರಿಸಿ ಹೊಲಿದಿದ್ದೆ! ಬಿಚ್ಚಿದೆ. ಮತ್ತೆ ಹೊಲಿದೆ. ಕೊನೆಗೂ ಬಾಯಿಗೆ ಲಾಡಿಯಿದ್ದ ಒಂದು ಉದ್ದನೆಯ ಸಂಚಿಯಂಥದ್ದು ತಯಾರಾಯಿತು. ಸ್ವಲ್ಪ ಸೊಟ್ಟಗಿತ್ತು, ಆದರೆ ಮೆತ್ತಗಿತ್ತು. ಮಾವ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದರು. ಅವರ ಕಣ್ಣು ತುಂಬಿದ್ದು ನನಗೆ ಕಂಡಿತು. ನಿಜ ಹೇಳುತ್ತೇನೆ, ಕಾಲೇಜಿನಲ್ಲಿ ನನಗೆ ಯಾರೂ ಅಷ್ಟು ದೊಡ್ಡ ಬಹುಮಾನ ಕೊಟ್ಟಿರಲಿಲ್ಲ.

"ಛಲೋ ಆಗೇತ್ರಿ. ಆದ್ರ ಹೊಟ್ಟಿ ತುಂಬಸ್ರಿ," ಎಂದರು.

ಕೌದಿ ಹೊಲಿದು ಮುಗಿಸುವಾಗ ಒಂದು ಮೂಲೆಯನ್ನು ಬಾಯಿ ಬಿಟ್ಟಿಟ್ಟು, ಅದರೊಳಗೆ ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಕೊನೆಯ ಹೊಲಿಗೆ ಹಾಕುವುದು ನಮ್ಮ ಮನೆಗಳ ಪದ್ಧತಿ. ಕೌದಿಯ ಹೊಟ್ಟೆ ತುಂಬಿದ್ದರೆ ಅದನ್ನು ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂಬ ನಂಬಿಕೆ. ಅವತ್ತು ಮಣ್ಣೆತ್ತಿನ ಅಮಾವಾಸ್ಯೆಯ ಹಬ್ಬ. ಅಡುಗೆಮನೆಯಲ್ಲಿ ಬಿಸಿ ಹೋಳಿಗೆ ಇದ್ದವು.

"ಉಗುರಿನಷ್ಟು ಇಟ್ರ ಸಾಕ್ರೀ," ಎಂದು ರೇಣುಕಾ ಒಳಗಿನಿಂದಲೇ ಕೂಗಿದಳು.

ಮಾವನ ಕೌದಿಗೆ ಉಗುರಿನಷ್ಟೇ? ಅಳಿಯನಾದವನು ಅಷ್ಟು ಜಿಪುಣನಾದರೆ ಹೇಗೆ? ಅರ್ಧ ಹೋಳಿಗೆ ಮಡಚಿ, ಮೇಲೊಂದು ಚಮಚ ತುಪ್ಪ ಸುರಿದು, ತಳದ ಮೂಲೆಯಲ್ಲಿ ತುರುಕಿ ಹೊಲಿದುಬಿಟ್ಟೆ. ಕೌದಿಗೆ ಬೊಜ್ಜು ಬಂದಂತೆ ಕಾಣುತ್ತಿತ್ತು. ಮಾವ ಮಾತ್ರ, "ಅಗದಿ ದೊಡ್ಡ ಮನಸ್ರಿ ನಿಮ್ದು," ಎಂದರು.

ಮರುದಿನ ಮಧ್ಯಾಹ್ನ ಮಾವ ಕಟ್ಟೆಯ ಮೇಲೆ ಅಡ್ಡಾಗಿದ್ದರು. ತಲೆಯ ಬಳಿ ಕೌದಿ, ಕೌದಿಯೊಳಗೆ ಚಿಲುಮೆ. ನಾನು ಒಳಗೆ ಕೂತು ನನ್ನ ಕೈಗುಣವನ್ನೇ ನೆನೆಯುತ್ತಿದ್ದೆ. ಆಗ ಕೇಳಿತು ಮಾವನ ಕೂಗು.

"ಅಳಿಯಾರ! ನಾಯಿ! ನಾಯಿ ಒಯ್ತು!"

ಹೊರಗೆ ಬಂದು ನೋಡಿದರೆ ಓಣಿಯ ಕರಿನಾಯಿ ತುಪ್ಪದ ವಾಸನೆಯ ಕೌದಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡುತ್ತಿದೆ! ನಾನೂ ಓಡಿದೆ. ನಾಯಿ ಓಣಿ ದಾಟಿ ಪೇಟೆಯೊಳಗೆ ನುಗ್ಗಿತು. ನಾನೂ ನುಗ್ಗಿದೆ. ಬದನೆಕಾಯಿ ಬುಟ್ಟಿ ಹಾರಿದೆ, ಸೈಕಲ್ಲಿಗೆ ಡಿಕ್ಕಿ ಹೊಡೆದೆ, ಒಂದು ಚಪ್ಪಲಿ ಎಲ್ಲಿಯೋ ಬಿಟ್ಟೆ. ಕಿರಾಣಿ ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಂತವರು ಯಾರು? ನಮ್ಮ ಪ್ರಿನ್ಸಿಪಾಲರು!

"ಏನ್ ಕಳಕೊಂಡ್ರೀ?" ಎಂದು ಅವರು ಕೂಗಿದರು.

"ಚಿಲುಮಿ ಸರ್! ಗಾಜಿಂದು!" ಎಂದು ನಾನು ಪೇಟೆಗೆಲ್ಲ ಕೇಳುವ ಹಾಗೆ ಉತ್ತರಿಸಿದೆ.

ಪ್ರಿನ್ಸಿಪಾಲರು ಕೈಚೀಲ ಕೆಳಗಿಟ್ಟರು. ಅವರು ನನ್ನ ಬಗ್ಗೆ ಆಗ ಏನೆಂದುಕೊಂಡರೋ, ಇಂದಿಗೂ ನಾನು ಲ್ಯಾಬಿನಲ್ಲಿ ಸ್ಪಿರಿಟ್ಟಿನ ಬಾಟಲಿ ಎತ್ತಿದಾಗ ನನ್ನನ್ನು ಒಂಥರಾ ನೋಡುತ್ತಾರೆ.

ಊರ ಹೊರಗೆ ಹಸಿಯಾದ ಎರೆಹೊಲದಲ್ಲಿ ನಾಯಿ ನಿಂತಿತು. ಕೌದಿಯ ಮೂಲೆಯನ್ನು ಕಾಲಲ್ಲಿ ಒತ್ತಿ ಒಂದೇ ಎಳೆತಕ್ಕೆ ಹೊಲಿಗೆ ಕಿತ್ತಿತು. ನಾನು ಅರ್ಧ ದಿನ ಕೂತು ಹಾಕಿದ ಹೊಲಿಗೆ! ಹೋಳಿಗೆ ತಿಂದು, ತುಟಿ ಸವರಿಕೊಂಡು, ನನ್ನ ಕಡೆ ಉಪಕಾರದ ನೋಟ ಬೀರಿ ಹೋಯಿತು. ನಾನು ಮೊಣಕಾಲೂರಿ ಕೌದಿ ಬಿಡಿಸಿದೆ.

ಚಿಲುಮೆ ನೆಟ್ಟಗಿತ್ತು! ಒಂದು ಗೀರೂ ಇಲ್ಲ!

ನಾನು ಮನೆಗೆ ಬಂದದ್ದು ಯುದ್ಧ ಗೆದ್ದವನ ಹಾಗೆ. ಹಿಂದೆ ಒಂದಿಷ್ಟು ಜನರೂ ಇದ್ದರು. ಮಾವ ಬಾಗಿಲಲ್ಲೇ ನಿಂತಿದ್ದರು. ಚಿಲುಮೆ ಕಂಡದ್ದೇ ನನ್ನ ಕೈ ಹಿಡಿದುಕೊಂಡರು. ನನ್ನ ಕೌದಿ ಗೆದ್ದಿತ್ತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ನಾನು ಮುಗಿಯಗೊಡಲಿಲ್ಲ.

"ನಾಯಿ ಬಾಯಾಗ ಹೋಗಿ ಬಂದೈತಿ. ಹುಣಸಿಹಣ್ಣು ಹಚ್ಚಿ ತೊಳೀತೇನಿ, ತರ್ರಿ," ಎಂದಳು ರೇಣುಕಾ.

ನನ್ನೊಳಗಿನ ವಿಜ್ಞಾನಿ ಎದ್ದು ಕೂತ. "ಹುಣಸೆಹಣ್ಣಿಗೆ ಕ್ರಿಮಿ ಸಾಯುತ್ತವೆಯೇ? ಮಾವನವರು ಬಾಯಲ್ಲಿಡುವ ವಸ್ತು. ಇದಕ್ಕೆ ಕುದಿಯುವ ನೀರೇ ಆಗಬೇಕು," ಎಂದು ಪಾಠದ ಧಾಟಿಯಲ್ಲಿ ಅಪ್ಪಣೆ ಕೊಡಿಸಿದೆ.

"ಗಾಜ್ರೀ ಅದು. ಬಿಸಿ ತಡದೀತೇನು?"

"ನನಗೇ ಗಾಜಿನ ಪಾಠ ಹೇಳ್ತೀಯೇನು? ನಮ್ಮ ಬೀಕರುಗಳು ಬೆಂಕಿಯ ಮೇಲೇ ಕೂರುತ್ತವೆ!"

ಬೀಕರಿನ ಗಾಜು ಬೇರೆ, ಬಳೆಯ ಗಾಜು ಬೇರೆ; ಇದು ಮೆಲ್ಲಗೇರುವ ಕಾವು ತಡೆದೀತು, ತಣ್ಣೀರಿನ ಹಿಂದೆಯೇ ಕುದಿನೀರು ಬಿದ್ದರೆ ತಡೆಯದು. ಇದನ್ನು ಪ್ರತಿ ವರ್ಷ ಹೊಸ ಹುಡುಗರಿಗೆ ಮೊದಲ ದಿನವೇ ಹೇಳುವವನು ನಾನು. ಹೇಳುವುದು ನಾನೇ ಆದ್ದರಿಂದ ನಾನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ! ಬಚ್ಚಲಲ್ಲಿ ಚಿಲುಮೆಯನ್ನು ತಣ್ಣೀರಿನಿಂದ ಚೆನ್ನಾಗಿ ತೊಳೆದೆ. ತಟ್ಟೆಯಲ್ಲಿಟ್ಟೆ. ಕುದಿಯುವ ನೀರು ಸುರಿದೆ.

ಟಪ್.

ಸಣ್ಣ ಸದ್ದು. ಹಸಿರು ಬಟ್ಟಲು ಚೂರಾಗಿ ತಟ್ಟೆಯಲ್ಲಿ ಬಿದ್ದಿತ್ತು. ಕೊಳವೆ ಮಾತ್ರ ಉಳಿದಿತ್ತು. ಮೌಲಾಲಿ ಅದನ್ನು ಅರ್ಧ ದೇಶ ದಾಟಿಸಿ ಲಾರಿಯಲ್ಲಿ ತಂದಿದ್ದ. ನಾಯಿ ಇಡೀ ಪೇಟೆ ಸುತ್ತಿಸಿತ್ತು. ಅದನ್ನು ಒಡೆಯಲು ತಜ್ಞನೇ ಬೇಕಾಯಿತು.

ಮಾವ ಬೈದಿದ್ದರೆ ಬದುಕುತ್ತಿದ್ದೆ. ಅವರು ಕೊಳವೆಯನ್ನು ಎತ್ತಿಕೊಂಡು ಕಟ್ಟೆಗೆ ಹೋಗಿ ನಮಗೆ ಬೆನ್ನು ಹಾಕಿ ಕೂತರು. ನಾನು ಬಚ್ಚಲಲ್ಲೇ ಕೂತೆ. ಅಳು ಬಂತು. ಬಿಸಿನೀರಿನ ಹಬೆಯಿತ್ತಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸಂಜೆ ರೇಣುಕಾ ಚಹಾ ಕುದಿಯುವಷ್ಟರಲ್ಲಿ ಕೊಳವೆಯ ಒಡೆದ ತುದಿಗೆ ಒಂದು ಚೂರು ಬಟ್ಟೆ ಸುತ್ತಿ ಬಿಗಿಯಾಗಿ ಹೊಲಿದು ಕೊಟ್ಟಳು. ಹಬ್ಬವಿಲ್ಲ, ಹೋಳಿಗೆಯಿಲ್ಲ, ಭಾಷಣವಿಲ್ಲ. ಮಾವ ಅದನ್ನು ತುಟಿಗಿಟ್ಟು ಬಹಳ ಹೊತ್ತು ರಸ್ತೆ ನೋಡಿದರು. ಆಮೇಲೆ ನನ್ನನ್ನು ಕರೆದು ಬಾಜೂಕ ಕೂರಿಸಿಕೊಂಡರು.

"ಇರ್ಲಿ ಬಿಡ್ರಿ ಅಳಿಯಾರ. ಹೊಗಿನ ಇಲ್ಲಂದ ಮ್ಯಾಲೆ ಬಟ್ಟಲಾ ತಗೊಂಡು ಏನ್ ಮಾಡೂದೈತಿ? ಮೌಲಾಲಿ ಬಾಯಿ ಹಚ್ಚಿದ್ದು ಈ ತುದಿಗೇ. ಅದು ಐತಲ್ಲ."

ನನಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಸುಮ್ಮನಿರಬೇಕಲ್ಲ! "ಆ ಒಡದ ತುದಿನ ಲ್ಯಾಬಿನ ಬರ್ನರಿನ್ಯಾಗ ಕಾಸಿ ನುಣ್ಣಗ ಮಾಡಿಕೊಡ್ಲೇನ್ರಿ ಮಾವಾರ?" ಎಂದೆ.

"ಬ್ಯಾಡ್ರಿ!" ಎಂದರು ಅಪ್ಪ-ಮಗಳು ಒಟ್ಟಿಗೇ. ಬಾಜೂ ಮನೆಯಿಂದ ನೀಲವ್ವ ಕಾಕುವೂ ದನಿಗೂಡಿಸಿದಳು.

ಮುಂದೆ ಅಣ್ಣಿಗೇರಿಯ ಮನೆ ಕೆಲಸ ಮುಗಿದು ಮಾವ ಹೊರಟರು. ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋದೆ. ಬಸ್ಸು ಬಂತು. ಅವರ ಚೀಲ ಎತ್ತಿಕೊಡೋಣ ಎಂದು ನಾನು ಕೈ ಚಾಚಿದೆ. ಮಾವ ಚೀಲವನ್ನು ಮೆಲ್ಲಗೆ ಆಚೆ ಸರಿಸಿ, ಗುರುತು ಪರಿಚಯವಿಲ್ಲದ ಕಂಡಕ್ಟರನ ಕೈಗೆ ಕೊಟ್ಟರು. ಆಮೇಲೆ ಕಿಟಕಿಯಿಂದ ಮುಖ ಹೊರಗೆ ಹಾಕಿ ಬಹಳ ಪ್ರೀತಿಯಿಂದ ಹೇಳಿದರು:

"ನೀವು ಏನೂ ಮುಟ್ಟಬ್ಯಾಡ್ರಿ ಅಳಿಯಾರ. ಅಲ್ಲೇ ನಿಂತು ಕೈ ಬೀಸ್ರಿ, ಸಾಕು."

ನಾನು ಕೈ ಬೀಸಿದೆ. ಹತ್ತಿರದಲ್ಲಿ ಒಡೆಯುವಂಥದ್ದು ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಬೀಸಿದೆ.