ಬಚ್ಚಲಿನ ಲೋಳೆಗೆ ಅನ್ನ ಹಾಕಿದವರು

ಕೆಲವರು ಕೂತಲ್ಲೇ ಬೇರು ಬಿಡುತ್ತಾರೆ. ನನ್ನಿಂದ ಅದಾಗದು. ಪೇಪರಿನ ಒಂದು ಪುಟ ಓದುವಷ್ಟರಲ್ಲಿ ಎರಡು ಸಲ ಎದ್ದು ಬೀದಿ ಬಾಗಿಲು ನೋಡಿ ಬರುವವನು ನಾನು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡುತ್ತಾ ಈ ಗೋಡೆಯಿಂದ ಆ ಗೋಡೆಗೆ ನಾನು ನಡೆದದ್ದನ್ನೆಲ್ಲ ಕೂಡಿಸಿದರೆ ಕಾಶಿಗೆ ಹೋಗಿ ಬಂದ ಪುಣ್ಯವಾದರೂ ಸಿಗಬೇಕಿತ್ತು. “ಅಂಡು ಸುಟ್ಟ ಬೆಕ್ಕಿನ ಥರ ಓಡಾಡ್ಬೇಡಿ, ನೋಡೋಕೆ ನಂಗೇ ಸುಸ್ತಾಗತ್ತೆ” ಎಂದು ನನ್ನ ಹೆಂಡತಿ ಜಯಮ್ಮ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಇಂಥವನಿಗೆ ದೇವರು ಕೊಟ್ಟ ಕಷ್ಟವೂ ಎಂಥದ್ದು! ದಿನಗಟ್ಟಲೆ ಸುಮ್ಮನೆ ಕಾದು ನೋಡಬೇಕಾದಂಥದ್ದು.

ಕಷ್ಟ ಇದ್ದದ್ದು ನಮ್ಮ ಬಚ್ಚಲಲ್ಲಿ. ಕಿಟಕಿಯಿಲ್ಲದ ಕತ್ತಲೆ ಕೋಣೆ, ಒಂದು ಮೂಲೆಯಲ್ಲಿ ಹಂಡೆ ಒಲೆ, ಕೆಳಗೆ ಚಪ್ಪಡಿ ಕಲ್ಲು. ಸಂಕ್ರಾಂತಿ ಕಳೆದ ಮೇಲೆ ಆ ಕಲ್ಲಿನ ಮೇಲೆ, ನೀರು ಹೊರಗೆ ಹೋಗುವ ತೂಬಿನ ಸುತ್ತ, ಬೂದು ಬಣ್ಣದ ಲೋಳೆಯೊಂದು ಕಾಣಿಸಿಕೊಂಡಿತು. ನಮ್ಮಮ್ಮ ಅದನ್ನು ಪಾಚಿ ಅಂದಳು. ಪಾಚಿಗೆ ಬಿಸಿಲು ಬೇಕು, ಇದು ಪಾಚಿಯಲ್ಲ ಎಂದು ನಾನು ಅರ್ಧ ಗಂಟೆ ವಿವರಿಸಿದೆ. “ಏಮಪ್ಪಾ, ಹೆಸರು ಇಡೋದು ಆಮೇಲೆ ಆಗ್ಲಿ, ಮೊದ್ಲು ಉಜ್ಜು” ಅಂದಳು. ತೆಂಗಿನ ನಾರು, ಇಟ್ಟಿಗೆ ಪುಡಿ, ಸುಣ್ಣ, ಎಲ್ಲ ಆಯಿತು. ಭಾನುವಾರ ಉಜ್ಜಿದರೆ ಬುಧವಾರ ಮತ್ತೆ ಹಾಜರು. ಒಂದು ಬೆಳಿಗ್ಗೆ ಅಮ್ಮ ಅದರ ಮೇಲೆ ಕಾಲಿಟ್ಟು ಜಾರಿದಳು. ಹಂಡೆಯ ಕಂಠ ಹಿಡಿದುಕೊಂಡದ್ದರಿಂದ ಮೂಳೆ ಉಳಿಯಿತು, ಮಣಿಕಟ್ಟು ಉಳುಕಿತು.

ಗೌರಿಬಿದನೂರಿನಲ್ಲಿ ಗುಮಾಸ್ತನಾಗಿದ್ದ ನಮ್ಮಣ್ಣನಿಗೆ ಈ ಸುದ್ದಿಯನ್ನು ಬರೆದವನೂ ನಾನೇ. ನನಗೆ ಯಾವ ಸುದ್ದಿಯನ್ನೂ ಮನಸ್ಸಿನಲ್ಲೇ ಇಟ್ಟುಕೊಂಡಿರಲು ಬರುವುದಿಲ್ಲ. ಅವನ ಉತ್ತರ ಎರಡೇ ಸಾಲು: ‘ನಮ್ಮ ಮನೆಯದು ಸಿಮೆಂಟಿನ ಬಚ್ಚಲು. ಮುಂದಿನ ವಾರ ಬಿಟ್ಟು ಅದರ ಮುಂದಿನ ಭಾನುವಾರ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ.’ ಕಾಗದ ಓದಿ ಹೇಳಿದೆ. ಅಮ್ಮ ಸಂಜೆ ಮಂಚದ ಕೆಳಗಿನ ಟ್ರಂಕನ್ನು ಎಳೆದು ಅದರ ಧೂಳು ಒರೆಸಿದಳು. ಅಮ್ಮ ಇಲ್ಲದ ಮನೆಯಲ್ಲಿ ನಾನು ಎದ್ದು ಓಡಾಡಿದರೆ “ಕೂತ್ಕೊಳಪ್ಪ” ಅನ್ನುವವರು ಯಾರು?

ಇಲ್ಲಿ ನನ್ನ ಆರೋಗ್ಯದ ಬಗ್ಗೆ ಎರಡು ಮಾತು ಹೇಳಬೇಕು. ಆಗ ನಾನು ನರಪೇತಲ. ಶರ್ಟನ್ನು ಮೊಳೆಗೆ ನೇತುಹಾಕಿದರೂ, ನಾನು ತೊಟ್ಟರೂ ಅದು ಒಂದೇ ರೀತಿ ಕಾಣುತ್ತಿತ್ತು. ಡಾಕ್ಟರು ನೋಡಿ, ಬೆಳಿಗ್ಗೆ ಕಾಫಿ ಬಿಡಿ, ಮೊಳಕೆ ರಾಗಿ ಹಿಟ್ಟಿಗೆ ಹಾಲು ಬೆಲ್ಲ ಹಾಕಿ ಗಂಜಿ ಕುಡಿಯಿರಿ ಅಂದರು. ಜಯಮ್ಮ ಚಿಂತಾಮಣಿಯವಳು, ಹೇಳಿದ್ದನ್ನು ಒಂದು ಕೈ ಹೆಚ್ಚಾಗಿಯೇ ಮಾಡುವವಳು. ಐದು ಗಂಟೆಗೇ ಎದ್ದು ಗಂಜಿ ಕಾಯಿಸಿ ದೊಡ್ಡ ಲೋಟದ ತುಂಬ ಕೊಡುತ್ತಿದ್ದಳು. ಆರುತ್ತಾ ಬಂದ ಹಾಗೆ ಅದರ ಮೇಲೊಂದು ಕೆನೆ ಕಟ್ಟುತ್ತಿತ್ತು. ಆ ಕೆನೆ ತುಟಿಗೆ ತಗುಲಿದರೆ ನನಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಆದರೂ ಪ್ರತಿದಿನ ಲೋಟ ಖಾಲಿಯಾಗುತ್ತಿತ್ತು. ಹೇಗೆ ಖಾಲಿಯಾಗುತ್ತಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ, ಈಗ ಬಚ್ಚಲಿಗೆ ಬರೋಣ.

ಲೋಳೆಯನ್ನು ಒಂದಿಷ್ಟು ಕೆರೆದು ಸ್ಕೂಲಿಗೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅಬ್ಬಾ! ಕಡ್ಡಿಯಂಥವು, ಚುಕ್ಕೆಯಂಥವು, ಕೋಟ್ಯಂತರ ಬ್ಯಾಕ್ಟೀರಿಯಾ. ತಾವೇ ಅಂಟು ಸುರಿಸಿ, ಆ ಅಂಟಿನೊಳಗೇ ಸಂಸಾರ ಹೂಡಿದ್ದವು. ಬಾಡಿಗೆಯಿಲ್ಲ, ವರ್ಗಾವಣೆಯಿಲ್ಲ. ಒಂದು ಜಾಗದಲ್ಲಿ ಅಷ್ಟು ನೆಮ್ಮದಿಯಾಗಿ ಕೂತ ಜೀವಿಗಳನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಅನುಮಾನ ಮೊದಲು ಹೋದದ್ದು ಪಕ್ಕದ ಮನೆಯ ಬಾಷಾ ಸಾಹೇಬರ ಮೇಲೆ. ಅವರದು ರೇಷ್ಮೆ ನೂಲು ತೆಗೆಯುವ ಕೊಟ್ಟಿಗೆ. ಗೂಡು ಬೇಯಿಸಿದ ನೀರು ಹೊರಗಿನ ಮೋರಿಯಲ್ಲಿ ನಮ್ಮ ಬಚ್ಚಲ ನೀರಿನ ಜೊತೆ ಸೇರುತ್ತಿತ್ತು. ಹೋಗಿ ಜಗಳದ ಮುಖ ಮಾಡಿಕೊಂಡು ನಿಂತೆ. ಅವರು ನಕ್ಕು, “ನಿಮ್ ಬಚ್ಚಲು ಮೇಲೈತೆ, ನಮ್ ಮೋರಿ ಕೆಳಗೈತೆ. ನೀರು ದಿಣ್ಣೆ ಹತ್ತುತ್ತಾ ಮೇಷ್ಟ್ರೇ?” ಅಂದರು. ಆಮೇಲೆ ಮೋರಿಯ ಹತ್ತಿರ ಕರೆದೊಯ್ದು ತೋರಿಸಿದರು. ಗೂಡು ಬೇಯಿಸಿದ ನೀರು ಹರಿಯುವ ಕಡೆ ಲೋಳೆ ಬೆರಳು ದಪ್ಪ. ಆಳುಗಳು ಬರೀ ಕೈಕಾಲು ತೊಳೆಯುವ ಕಡೆ ಕಲ್ಲು ಕಲ್ಲಾಗಿಯೇ ಇತ್ತು. “ಉಜ್ಜಿ ಏನ್ ಮಾಡ್ತೀರಾ? ಅದ್ಕೆ ಊಟ ಎಲ್ಲಿಂದ ಬರ್ತೈತೆ ನೋಡಿ, ಅದನ್ನ ನಿಲ್ಸಿ” ಅಂದರು. ಬಿ.ಎಸ್ಸಿ. ಓದಿದವನಿಗೆ ಹೊಳೆಯದ ಮಾತು ಕೊಟ್ಟಿಗೆಯಲ್ಲಿ ಸಿಕ್ಕಿತು.

ಮನೆಗೆ ಬಂದವನೇ ಜಯಮ್ಮನ ಮೇಲೆ ಹರಿಹಾಯ್ದೆ. “ಅಕ್ಕಿ ತೊಳೆದ ನೀರು ಬಚ್ಚಲಿಗೆ ಸುರೀತೀಯಾ?” ಅವಳಿಗೆ ರೇಗಿತು. “ಒಂದು ತೊಟ್ಟೂ ಸುರಿಯಲ್ಲ. ಎಲ್ಲಾ ಎದುರುಮನೆ ಎಮ್ಮೆ ಕಲಗಚ್ಚಿಗೆ ಹೋಗತ್ತೆ. ಬೇಕಾದ್ರೆ ಎಮ್ಮೇನೇ ಕೇಳಿ.” ನಾನು ನಂಬಲಿಲ್ಲ. ಪ್ರಯೋಗದಿಂದಲೇ ಸಾಧಿಸುತ್ತೇನೆ ಎಂದು ಸ್ಕೂಲಿನ ಹಾಲಿನ ಪುಡಿಯ ಖಾಲಿ ಡಬ್ಬ ಮೂರು ತಂದೆ. ಮೂರರಲ್ಲೂ ಒಂದೊಂದು ಹೆಂಚಿನ ಚೂರು, ಎಲ್ಲಕ್ಕೂ ಬಚ್ಚಲ ಲೋಳೆ ಒಂದೊಂದು ಚಿಟಿಕೆ. ಮೊದಲನೆಯದಕ್ಕೆ ಬರೀ ಬಾವಿ ನೀರು, ಎರಡನೆಯದಕ್ಕೆ ಸೀಗೆಕಾಯಿ ಬೆರೆತ ಸ್ನಾನದ ನೀರು, ಮೂರನೆಯದಕ್ಕೆ ಅಕ್ಕಿ ತೊಳೆದ ನೀರು. ದಿನಾ ನೀರು ಬದಲಾಯಿಸುವುದು, ವಾರ ಕಾಯುವುದು. ಬಚ್ಚಲ ಒಲೆಯ ಪಕ್ಕದ ಕಟ್ಟೆಯ ಮೇಲೆ ಡಬ್ಬಗಳನ್ನಿಟ್ಟೆ.

ಆ ವಾರ ನಾನು ಪಟ್ಟ ಪಾಡು ಹೇಳತೀರದು. ಗಂಟೆಗೊಮ್ಮೆ ಹೋಗಿ ಹೆಂಚು ಮುಟ್ಟಿ ನೋಡುವುದು. ಮುಟ್ಟಿ ಮುಟ್ಟಿ ನಾನೇ ಪ್ರಯೋಗ ಕೆಡಿಸುತ್ತಿದ್ದೇನೆ ಅನ್ನಿಸಿ ಕೈ ಕಟ್ಟಿಕೊಂಡು ನಿಲ್ಲುವುದು. “ಬೀಜ ಬಿತ್ತಿ ಗಳಿಗೆಗೊಂದ್ಸಲ ಅಗೆದು ನೋಡಿದ್ರೆ ಮೊಳಕೆ ಬರ್ತದೇನಪ್ಪಾ?” ಎಂದು ಅಮ್ಮ ಕೇಳುತ್ತಿದ್ದಳು. ಅವಳ ಟ್ರಂಕು ಅಷ್ಟರಲ್ಲಿ ಅರ್ಧ ತುಂಬಿತ್ತು.

ಶನಿವಾರದ ಹೊತ್ತಿಗೆ ಬಾವಿ ನೀರಿನ ಹೆಂಚು ಹೆಚ್ಚುಕಡಿಮೆ ಹಾಗೇ ಇತ್ತು. ಸ್ನಾನದ ನೀರಿನದು ಸ್ವಲ್ಪ ಜಾರುತ್ತಿತ್ತು. ಅಕ್ಕಿ ನೀರಿನದರ ಮೇಲೆ ತೆಳ್ಳಗೆ ಪೊರೆ ಕಟ್ಟಿತ್ತು. ಬಾಷಾ ಸಾಹೇಬರು ಹೇಳಿದ್ದು ನಿಜ, ಆಹಾರವಿದ್ದಷ್ಟು ಲೋಳೆ. ಆದರೆ ತೂಬಿನ ಸುತ್ತ ಇದ್ದ ಲೋಳೆಯ ಗಾತ್ರಕ್ಕೆ ಮೂರರಲ್ಲಿ ಒಂದೂ ಸಾಟಿಯಲ್ಲ. ಅಕ್ಕಿ ನೀರಿಗಿಂತ ಪುಷ್ಟಿಯಾದದ್ದೇನೋ ಅಲ್ಲಿಗೆ ಹೋಗುತ್ತಿತ್ತು. ಏನಿರಬಹುದು ಎಂದು ಯೋಚಿಸುತ್ತಾ ಮನೆಯೆಲ್ಲ ಸುತ್ತಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನಗೆ ಆಗಲೂ ಹೊಳೆಯಲಿಲ್ಲ.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಅಣ್ಣ ಬಂದ. ಕಾಫಿ ಕುಡಿದು, “ಅಮ್ಮಾ, ಹೊರಡಣ. ಇವನ ಮನೇಲಿ ಇನ್ನೊಂದ್ಸಲ ಜಾರಿದ್ರೆ ಯಾರು ಜವಾಬ್ದಾರಿ?” ಅಂದ. ನಾನು ಅವನ ಕೈ ಹಿಡಿದು ಬಚ್ಚಲಿಗೆ ಎಳೆದೊಯ್ದೆ. “ಕಾರಣ ಇನ್ನೇನು ಸಿಗೋದ್ರಲ್ಲೈತೆ ಕಣೋ ಅಣ್ಣ, ಇನ್ನೊಂದು ವಾರ ಕೊಡು. ನೋಡು ಈ ಮೂರು ಡಬ್ಬ.”

“ಮೂರೆಲ್ಲೋ? ನಾಲ್ಕವೆ” ಅಂದ ಅಣ್ಣ.

ನೋಡಿದರೆ, ಹೌದು, ಹಂಡೆಯ ಮರೆಯಲ್ಲಿ ನಾಲ್ಕನೆಯದೊಂದು ಡಬ್ಬ. ಅದರ ಹೆಂಚಿನ ಚೂರು ಹೆಂಚಿನಂತೆಯೇ ಇರಲಿಲ್ಲ. ಬೂದು ಬಣ್ಣದ ಲೋಳೆ, ದಪ್ಪಗೆ, ಬೆರಳಿಟ್ಟರೆ ಜುಳುಕ್ಕನೆ ಜಾರುವಂಥದ್ದು. ತೂಬಿನ ಲೋಳೆಯ ಒಡಹುಟ್ಟು. ಹಿಂದಿನಿಂದ ಅಮ್ಮನ ದನಿ ಬಂತು. “ಅದು ನಂದಪ್ಪ. ನೀನು ಮಾಡಿದಂಗೇ ಮಾಡ್ದೆ. ನೀರು ಮಾತ್ರ ಬೇರೆ. ಪಾತ್ರೆ ತಳದಾಗೆ ಉಳಿದ ನಿನ್ ಗಂಜಿಗೆ ನೀರು ಬೆರೆಸಿ ದಿನಾ ಹಾಕ್ದೆ.”

ಈಗ ಹೇಳಿಬಿಡುತ್ತೇನೆ. ಸಂಕ್ರಾಂತಿಯಿಂದ ಪ್ರತಿ ಬೆಳಿಗ್ಗೆ ಮುಖ ತೊಳೆಯುವ ನೆಪದಲ್ಲಿ ಲೋಟ ಹಿಡಿದು ಬಚ್ಚಲಿಗೆ ಹೋಗಿ, ಗಂಜಿಯನ್ನು ತೂಬಿಗೆ ಸುರಿದು, ಮೇಲೆ ಅರ್ಧ ಚೊಂಬು ನೀರು ಹೊಯ್ದು, ಬಾಯಿ ಒರೆಸಿಕೊಂಡು ಬರುತ್ತಿದ್ದವನು ನಾನೇ. ಅಮ್ಮ ಜಾರಿದ್ದು ನನ್ನ ಗಂಜಿಯ ಮೇಲೆ.

“ಗೊತ್ತಿದ್ರೆ ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?” ಅಂದೆ.

“ನೀನು ದಿನಾ ಲೋಟ ಹಿಡ್ಕೊಂಡು ಬಚ್ಚಲಿಗೆ ಹೋಗೋದು ಕಾಣ್ತಿತ್ತು. ಐದು ಗಂಟೆಗೆದ್ದು ಕಾಯಿಸೋಳಿಗೆ ಬೇಜಾರಾಗ್ತದೆ ಅಂತ ಸುಮ್ಕಿದ್ದೆ. ಇವತ್ತು ಟ್ರಂಕು ಎತ್ತೋ ಹೊತ್ತಾಯ್ತು. ನಂಗೆ ಹೋಗಾಕೆ ಇಷ್ಟ ಇಲ್ಲ ಕಣಪ್ಪ.”

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಜಯಮ್ಮ ಒಳಗೆ ಹೋಗಿ ದೊಡ್ಡ ಲೋಟದ ತುಂಬ ಗಂಜಿ ತಂದು ನನ್ನ ಕೈಗಿಟ್ಟಳು. ಕೆನೆ ಕಟ್ಟಿತ್ತು. ಮೂವರೂ ನೋಡುತ್ತಾ ನಿಂತರು. ಕಣ್ಣು ಮುಚ್ಚಿಕೊಂಡು ಕುಡಿದೆ. ಅಣ್ಣ ಮಧ್ಯಾಹ್ನ ಊಟ ಮಾಡಿಕೊಂಡು ಒಬ್ಬನೇ ಬಸ್ಸು ಹತ್ತಿದ.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅಮ್ಮ ನನ್ನೆದುರು ಮಣೆ ಹಾಕಿಕೊಂಡು ಕೂರುತ್ತಿದ್ದಳು, ಲೋಟ ಬರಿದಾಗುವ ತನಕ ನಾನು ಏಳುವ ಹಾಗಿರಲಿಲ್ಲ. ನನ್ನ ಜೀವಮಾನದಲ್ಲಿ ಒಂದೇ ಕಡೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಒಂದು ಸಲ ಚೆನ್ನಾಗಿ ಉಜ್ಜಿದ ಮೇಲೆ ಬಚ್ಚಲಲ್ಲಿ ಮತ್ತೆ ಲೋಳೆ ಕಟ್ಟಲಿಲ್ಲ. ದಸರಾಕ್ಕೆ ಬಂದ ಅಣ್ಣ ಮೊದಲು ಬಚ್ಚಲ ಕಲ್ಲಿನ ಮೇಲೆ ಕಾಲಾಡಿಸಿ ನೋಡಿದ, ಆಮೇಲೆ ಹೊಟ್ಟೆಯ ಮೇಲೆ ಬಿಗಿದು ನಿಂತಿದ್ದ ನನ್ನ ಶರ್ಟಿನ ಗುಂಡಿಗಳನ್ನು ನೋಡಿದ. ಆಹಾರ ಎಲ್ಲಿಗೆ ಹೋಗುತ್ತದೋ ಅಲ್ಲಿ ಬೆಳವಣಿಗೆ ಎಂದು ಪ್ರಯೋಗ ಮಾಡಿ ತೋರಿಸಿದವನು ನಾನು, ಈಗ ದೂರುವುದು ಯಾರನ್ನು? ಇದನ್ನು ಮಾತ್ರ ತೆಂಗಿನ ನಾರಿನಿಂದ ಉಜ್ಜಿದರೂ ಹೋಗುತ್ತಿಲ್ಲ.