ಹೊಟ್ಟೆ ತುಂಬಿದ ಚುಕ್ಕಿ

ನಮ್ಮ ಚಿಗವ್ವನಿಗೆ ತಲೆ ಕೆಟ್ಟಿದೆ ಎಂದು ಆಳಂದದ ನಮ್ಮ ಓಣಿಯ ಅರ್ಧ ಜನ ಬಹಿರಂಗವಾಗಿಯೇ ಹೇಳುತ್ತಾರೆ. ಉಳಿದರ್ಧ ಜನ ಆಕೆ ಹೊಲಿದ ಕೌದಿ ಹೊದ್ದು ಮಲಗುವವರು, ಆದ್ದರಿಂದ ಹೇಳುವುದಿಲ್ಲ!

ಚಿಗವ್ವ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಹಳೆಯ ಅರಿವೆಗಳನ್ನು ಒಂದರ ಮೇಲೊಂದು ಹಾಸಿ, ಸೂಜಿ ದಾರ ಹಿಡಿದು, ಸಾಲುಸಾಲಾಗಿ ಹೊಲಿಗೆ ಹಾಕುತ್ತ ಕೂತರೆ ಆಕೆಗೆ ಊಟ ನೆನಪಿಲ್ಲ, ಒಲೆಯ ಮೇಲಿನ ಬೇಳೆ ನೆನಪಿಲ್ಲ. ಎಲ್ಲರೂ ಮನುಷ್ಯರಿಗೆ ಕೌದಿ ಹೊಲಿದರೆ ಈಕೆ ಟಿವಿಗೆ ಹೊಲಿದಳು, ಮಿಕ್ಸಿಗೆ ಹೊಲಿದಳು, ಗ್ಯಾಸ್ ಸಿಲಿಂಡರಿಗೂ ಹೊಲಿದಳು. ಸಿಲಿಂಡರಿಗೆ ಚಳಿ ಆಗುತ್ತದೆಯೇ ಎಂದು ಕೇಳಿದೆ. "ಥಂಡಿ ಅಲ್ಲಬೇ, ಮಂದಿ ಬಂದಾಗ ಬತ್ತಲೆ ನಿಂತಿರ್ತದ" ಎಂದಳು. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಇಷ್ಟೆಲ್ಲಕ್ಕೂ ಅರಿವೆ ಎಲ್ಲಿಂದ ಬರಬೇಕು? ಆಕೆ ಯಾರ ಮನೆಗೆ ಹೋದರೂ ಅವರ ದಾಂಡಿಯ ಮೇಲೆ ಒಣಗುವ ಬಟ್ಟೆಯನ್ನು ಕಟುಕ ಆಡನ್ನು ನೋಡುವ ಹಾಗೆ ನೋಡುತ್ತಾಳೆ. "ಇದು ಹಳೀದಾಗ್ಯದಲ್ಲ?" ಎಂದಳೆಂದರೆ ಅದರ ಕತೆ ಮುಗಿಯಿತು. ನಮ್ಮ ಕಾಕಾ, ಅಂದರೆ ಆಕೆಯ ಗಂಡ, ಸ್ನಾನಕ್ಕೆ ಹೋಗುವಾಗ ಲುಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಾರೆ. ಅವರದು ಮಾತು ಕಡಿಮೆ. ಇರುವ ಲುಂಗಿ ಉಳಿಸಿಕೊಳ್ಳುವುದರಲ್ಲೇ ಅವರ ಆಯುಷ್ಯ ಹೋಗಿದೆ.

ಇಂಥ ಚಿಗವ್ವನಿಗೆ ಸೊಸೆ ಬಂದಳು. ಬೀದರ ಕಡೆಯ ಹುಡುಗಿ, ದವಾಖಾನೆಯಲ್ಲಿ ನರ್ಸ್. ಮಗನೇ ಮೆಚ್ಚಿ ಮದುವೆಯಾದದ್ದು. ಹುಡುಗಿ ಕ್ರಿಶ್ಚಿಯನ್ನರ ಪೈಕಿ ಎಂದು ತಿಳಿದಾಗ ನೆಂಟರೆಲ್ಲ ಚಿಗವ್ವನ ಮುಖ ನೋಡಿದರು. ಚಿಗವ್ವ ಹುಡುಗಿಯ ಕೈ ನೋಡಿದಳು. "ಸೂಜಿ ಹಿಡಿದ ಕೈ ಅದ. ನಮ್ಮನಿಗಿ ನಡೀತದ" ಎಂದಳು! ಇಂಜೆಕ್ಷನ್ನಿನ ಸೂಜಿಯೇ ಬೇರೆ, ಕೌದಿಯ ಸೂಜಿಯೇ ಬೇರೆ ಎಂದು ಆಕೆಗೆ ಯಾರು ತಿಳಿಸಿ ಹೇಳಬೇಕು?

ಮದುವೆಯಾದ ವರ್ಷವೇ ಸೊಸೆ ಬಸುರಿಯಾದಳು. ಡಿಸೆಂಬರ್ ಬಂತು. ಒಂದು ಸಂಜೆ ನಾನು ಶಾಲೆ ಮುಗಿಸಿ ಚಹಾಕ್ಕೆಂದು ಅವರ ಮನೆಗೆ ಹೋದಾಗ ಅತ್ತೆ ಸೊಸೆಯನ್ನು ವಿಚಾರಿಸುತ್ತಿದ್ದಳು.

"ನಿಮ್ಮ ಹಬ್ಬಕ್ಕ ತವರ್‍ಮನ್ಯಾಗ ಏನೇನ್ ಮಾಡ್ತಿದ್ರಿ?"

"ಬಾಗಲಾಗ ಚುಕ್ಕಿ ಕಟ್ತಿದ್ವಿ ಅತ್ತಿ. ಒಳಗೊಂದು ಗಿಡ ಮಾಡ್ತಿದ್ವಿ. ಆದ್ರ ಇಲ್ಲಿ ಏನೂ ಬ್ಯಾಡ್ರಿ. ನಾ ಕಲಬುರಗಿಗಿ ಹೋಗಿ ಪ್ರಾರ್ಥನಾ ಮುಗಿಸ್ಕೊಂಡು ಬರ್ತೇನಿ. ಜನ ಏನಂತಾರೋ ಏನೋ."

ಪಾಪದ ಹುಡುಗಿ! ಜನ ಏನಂತಾರೆ ಎಂಬ ಮಾತನ್ನು ಚಿಗವ್ವನ ಮುಂದೆ ಆಡಬಾರದೆಂದು ಅವಳಿಗಿನ್ನೂ ಗೊತ್ತಿರಲಿಲ್ಲ. ಚಿಗವ್ವ ಅಲ್ಲಿಯೇ ಅರಿವೆಯ ಗಂಟು ಬಿಚ್ಚಿದಳು.

ಕಾಗದದ ನಕ್ಷತ್ರದಂಥ ಚುಕ್ಕಿಗಳು ಪೇಟೆಯಲ್ಲಿ ಸಿಗುತ್ತವೆ, ಒಳಗೆ ಬಲ್ಬು ಹಾಕಿದರೆ ಬೆಳಗುತ್ತವೆ ಎಂದು ನಾನು ಹೇಳಿ ನೋಡಿದೆ. "ಕಾಗದದ ಚುಕ್ಕಿ? ನಮ್ಮನಿ ಸೊಸಿ ಹಬ್ಬಕ್ಕ?" ಎಂದು ನನ್ನನ್ನೇ ಕಾಗದದ ಹಾಗೆ ನೋಡಿದಳು. ಹಾಗಾಗಿ ಕೌದಿಯ ಚುಕ್ಕಿ ಹೊಲಿಯುವುದು ಶುರುವಾಯಿತು. ಹೌದು, ಕ್ರಿಸ್‌ಮಸ್ಸಿನ ಚುಕ್ಕಿಯನ್ನು ಕೌದಿಯಲ್ಲಿ ಹೊಲಿದಳು. ಯಾರಿಗೇನು ನಷ್ಟ?

ಮೊದಲ ಚುಕ್ಕಿ ಕೂಸಿನ ಕುಲಾವಿಯ ಹಾಗೆ ಆಯಿತು. "ಇರ್ಲಿ, ಮುಂದ ಬೇಕಾಗ್ತದ" ಎಂದು ತೆಗೆದಿಟ್ಟಳು. ಕಾಲುಚೀಲದ ವಿಷಯ ಇನ್ನೂ ಮಜಾ. ಹಬ್ಬಕ್ಕೆ ದೊಡ್ಡ ಕಾಲುಚೀಲ ತೂಗುಹಾಕಿ ಅದರಲ್ಲಿ ಮಕ್ಕಳಿಗೆ ತಿನಿಸು ತುಂಬುತ್ತಾರೆ ಎಂದು ಸೊಸೆ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಚಿಗವ್ವನಿಗೆ ಹೇಸಿಕೆಯಾಯಿತು. "ಕಾಲಿಗಿ ಹಾಕೂದ್ರಾಗ ತಿನ್ನೂದು ಹಾಕ್ತಾರಾ? ಅದೂ ಒಂದ ಕಾಲಿಂದು! ಇನ್ನೊಂದು ಎಲ್ಲಿ ಹೋತು?" ಎಂದವಳು ಕಾಲುಚೀಲದ ಬದಲು ಎಲೆ ಅಡಿಕೆ ಇಡುವ ಸಂಚಿಯ ಆಕಾರದಲ್ಲಿ ಹೊಲಿದು ಗೋಡೆಗೆ ತೂಗುಹಾಕಿದಳು. ಮರುದಿನವೇ ಕಾಕಾ ಅದರಲ್ಲಿ ತಮ್ಮ ತಂಬಾಕಿನ ಡಬ್ಬಿ ಇಟ್ಟರು!

ಎರಡನೆಯ ಚುಕ್ಕಿ ಚುಕ್ಕಿಯ ಹಾಗೆಯೇ ಬಂತು. ಆದರೆ ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಕೌದಿಯ ಕೊನೆಯ ಬದಿ ಮುಚ್ಚುವ ಮೊದಲು ಒಳಗೆ ಒಂದಿಷ್ಟು ಜೋಳ ಹಾಕುತ್ತಾರೆ. ಹೊದ್ದುಕೊಳ್ಳುವವರು ಹಸಿದು ಮಲಗಬಾರದೆಂದು ಕೌದಿಯ ಹೊಟ್ಟೆ ತುಂಬುವುದು. ಚಿಗವ್ವ ಚುಕ್ಕಿಯ ಹೊಟ್ಟೆಯನ್ನೂ ತುಂಬಿದಳು. ಚುಕ್ಕಿಯನ್ನು ಯಾರೂ ಹೊದ್ದು ಮಲಗುವುದಿಲ್ಲ ಎಂದರೆ ಕೇಳಬೇಕಲ್ಲ! ಆಮೇಲೆ ಹಳೆಯ ಅರಿವೆಯ ಕೊಳೆ ಹೋಗಲೆಂದು ಅದನ್ನು ಬಕೆಟಿನಲ್ಲಿ ನೆನೆಯಿಟ್ಟು, ಕುಕ್ಕಿ ಒಗೆದು, ಬಚ್ಚಲಿನ ಗೂಟಕ್ಕೆ ಹಾಕಿ ಮರೆತಳು.

ನೆರೆಮನೆಯಾಕೆ ನೀರು ಕೇಳಲು ಬಂದವಳು ಬಚ್ಚಲಿನಿಂದಲೇ ಕೂಗಿದಳು: "ಅಕ್ಕಾರ, ಜಲ್ದಿ ಬರ್ರಿ! ನಿಮ್ಮ ಚುಕ್ಕಿ ಮೊಳಕಿ ಒಡದದ!"

ಓಡಿಹೋಗಿ ನೋಡಿದರೆ ಖರೆ. ಹೊಲಿಗೆಯ ಸಂದಿಯಿಂದ ಜೋಳದ ಮೊಳಕೆಗಳು ಇಣುಕಿ ನೋಡುತ್ತಿವೆ! ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಚಿಗವ್ವನ ಮುಖದಲ್ಲಿ ನಗೆಯೇ ಇಲ್ಲ.

"ಒಡೀಲಿ. ಸೊಸಿ ಬಸರದಾಳ. ಆಕಿ ಚುಕ್ಕಿ ಹಸರಾಗಬಾರದೇನು?" ಎಂದಳು.

ಸುದ್ದಿ ಮಾದನಹಿಪ್ಪರಗಾಕ್ಕೆ ಮುಟ್ಟಲು ಎಷ್ಟು ಹೊತ್ತು ಬೇಕು? ಮುಂದಿನ ಬಸ್ಸಿಗೇ ಮುಟ್ಟಿರಬೇಕು. ಅಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ, ಅಪ್ಪ ಕಾಕಾ ಇಬ್ಬರಿಗೂ ಅಣ್ಣ, ಇಡೀ ಮನೆತನಕ್ಕೆ ಹಿರಿಯರು. ಅವರು ಹೂಂ ಎಂದರೆ ನೆಂಟರೆಲ್ಲ ಹೂಂ, ಊಹೂಂ ಎಂದರೆ ಯಾರೂ ಮಿಸುಕುವುದಿಲ್ಲ. ಅದೂ ಇದೇ ಹೊತ್ತಿನಲ್ಲಿ! ಹಬ್ಬವಾದ ಮೇಲೆ ಸೊಸೆಯ ಕುಬಸವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ನಮ್ಮಲ್ಲಿ ಆ ಹಸಿರು ಸೀರೆ ಮನೆಯ ಹಿರಿಯರ ಕೈಯಿಂದಲೇ ಬರಬೇಕು. ದೊಡ್ಡಪ್ಪ ಬರದಿದ್ದರೆ ಯಾರೂ ಬರುವುದಿಲ್ಲ. ಹುಡುಗಿ ಖಾಲಿ ಮನೆಯಲ್ಲಿ ಒಬ್ಬಳೇ ಕೂರಬೇಕು.

ದೊಡ್ಡಪ್ಪ ಬಂದರು. ಪಡಸಾಲೆಯಲ್ಲಿ ಕೂತರು. ಇಲ್ಲಿ ಒಂದು ಮಾತು ಹೇಳಬೇಕು. ಊರನ್ನೇ ಎದುರು ಹಾಕಿಕೊಳ್ಳುವ ನಮ್ಮ ಚಿಗವ್ವ ಗಂಡನ ಅಣ್ಣನ ಎದುರಿಗೆ ಬರುವುದಿಲ್ಲ! ನಮ್ಮ ಮನೆತನದ ಸೊಸೆಯಂದಿರ ಪದ್ಧತಿ ಅದು. ಬಾಗಿಲ ಹಿಂದೆ ನಿಂತು, ಸೆರಗು ಎಳೆದುಕೊಂಡು, ನಡುವೆ ಒಬ್ಬರನ್ನು ಇಟ್ಟುಕೊಂಡೇ ಮಾತಾಡಬೇಕು. ಮದುವೆಯಾಗಿ ಬಂದಂದಿನಿಂದ ಅವರಿಬ್ಬರೂ ನೇರ ಮಾತಾಡಿದ್ದಿಲ್ಲ. ನಡುವೆ ಇರುವ ಆ ದುರ್ದೈವಿ ಯಾರು? ನಾನೇ.

"ಕೇಳ್ಬೇ ನಿಮ್ಮ ಚಿಗವ್ವಗ. ಬಾಗಲಾಗ ಆ ಚುಕ್ಕಿ ಯಾಕ ಕಟ್ಟಾಕತ್ಯಾಳ?"

"ಹೇಳ್ಬೇ ನಿಮ್ಮ ದೊಡ್ಡಪ್ಪಗ. ದೀಪಾವಳಿಗಿ ಆಕಾಶಬುಟ್ಟಿ ಕಟ್ಟಿದಾಗ ಯಾರೂ ಕೇಳ್ಲಿಲ್ಲ."

"ಆಕಾಶಬುಟ್ಟಿ ನಮ್ಮದು ಅಂತ ಹೇಳು."

"ಸೊಸಿನೂ ನಮ್ಮಾಕಿನ ಅಂತ ಹೇಳು!"

ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸುತ್ತ ಕೂತೆ. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ, ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬರುತ್ತದೆ. ಆದರೂ ನಾನು ಎದ್ದು ಹೋಗುವ ಹಾಗಿಲ್ಲ, ಜಗಳ ನಿಂತುಬಿಡುತ್ತದೆ! ಕೊನೆಗೆ ದೊಡ್ಡಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು. "ಆ ಚುಕ್ಕಿ ಬಾಗಲಾಗ ಇದ್ರ ನಾ ಈ ಹೊಸ್ತಿಲ ದಾಟಂಗಿಲ್ಲ. ಕುಬಸಕ್ಕೂ ಬರಂಗಿಲ್ಲ" ಎಂದು ಹೊರಟೇಹೋದರು.

ಸೊಸೆ ಅಡುಗೆಮನೆಯಲ್ಲಿ ಕೂತು ಅತ್ತಳು. "ನನ್ನ ಸಲುವಾಗಿ ಮನಿ ಒಡೀಬ್ಯಾಡ್ರಿ ಅತ್ತಿ, ಬಿಚ್ಚಿಬಿಡ್ರಿ" ಎಂದಳು. ನನಗೂ ಹಾಗೆಯೇ ಅನ್ನಿಸಿತು. ಒಂದು ಚುಕ್ಕಿಗಾಗಿ ಬಸುರಿಯನ್ನು ಒಂಟಿ ಮಾಡುವುದೇ? ಚಿಗವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಇವತ್ತು ಚುಕ್ಕಿ ಬಿಚ್ಚಿದ್ರ ನಾಳೆ ನಿನ್ನ ಹೆಸರು ಬಿಚ್ಚಂತಾರ. ಹೊಲದದ್ದು ನಾ ಬಿಚ್ಚಂಗಿಲ್ಲ" ಎಂದಳು. ಎಂದವಳು ಮೊಳಕೆ ಕಿತ್ತು ಹೊಸ ಜೋಳ ತುಂಬಿ ಆ ಚುಕ್ಕಿಯನ್ನು ಬಾಗಿಲಿಗೆ ಕಟ್ಟಿಯೇಬಿಟ್ಟಳು. ಗಿಡವನ್ನೂ ಹೊಲಿದಳು. ಆಳೆತ್ತರದ ಕೌದಿಯ ಗಿಡ, ಪಡಸಾಲೆಯ ಗೋಡೆಗೆ. ನೆರೆಮನೆಯಾಕೆ ನೋಡಿ, ಜೋಳದ ದಂಟು ಒಟ್ಟಿದ್ದೆಂದುಕೊಂಡು, "ಕಣಕಿ ಬಣವಿ ಚಂದ ಬಂದದ್ರಿ" ಎಂದಳು. ಚಿಗವ್ವ ಅವಳಿಗೆ ಅವತ್ತು ಚಹಾ ಕೊಡಲಿಲ್ಲ.

ಹಬ್ಬದ ದಿನ ಮಧ್ಯಾಹ್ನ ದೊಡ್ಡಪ್ಪ ಮತ್ತೆ ಪ್ರತ್ಯಕ್ಷರಾದರು! ಚುಕ್ಕಿ ಬಿಚ್ಚಿದ್ದಾರೋ ಇಲ್ಲವೋ ನೋಡಲು ಬಂದದ್ದು. ಹೊರಗಿನ ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟಿಯೇ ನಿಂತರು.

"ಹೇಳ್ಬೇ ನಿಮ್ಮ ಚಿಗವ್ವಗ. ನಾ ಒಳಗ ಬರಂಗಿಲ್ಲ."

ಬಾಗಿಲ ಹಿಂದಿನಿಂದ ಉತ್ತರ ಬಂತು. "ಹೇಳ್ಬೇ ನಿಮ್ಮ ದೊಡ್ಡಪ್ಪಗ. ಅವರ ಧೋತರ ಆಗಳೇ ಬಾಗಲಾ ಏರಿ ಕುಂತದ!"

"ಯಾವ ಧೋತರ?"

"ಕಾರಹುಣ್ಣಿಮಿಗಿ ದಾಂಡಿ ಮ್ಯಾಲಿಂದ ಕಳದದ್ದು!"

ದೊಡ್ಡಪ್ಪ ತಲೆ ಎತ್ತಿದರು. ಚುಕ್ಕಿಯ ನಡುವಿನ ಬಿಳುಪು ಖರೆ ಅವರದೇ, ಬೀಡಿಯ ಕಿಡಿ ಬಿದ್ದ ತೂತು ಕೂಡ ಹಾಗೇ ಇದೆ. ಆ ಧೋತರಕ್ಕಾಗಿ ಅವರು ಮಾದನಹಿಪ್ಪರಗಾದಲ್ಲಿ ಅಗಸನ ಸಂಗಡ ಮಾತು ಬಿಟ್ಟಿದ್ದರು! ಕಾಕಾ ಲುಂಗಿ ಬಿಗಿಹಿಡಿದು ಒಳಕೋಣೆ ಸೇರಿದರು. "ಇನ್ನೂ ಏನೇನ್ ಕದ್ದಾಳ ನೋಡೇಬಿಡ್ತೇನಿ" ಎಂದು ದೊಡ್ಡಪ್ಪ ಸಿಟ್ಟಿನಿಂದ ಒಳಗೆ ಕತ್ತು ಚಾಚಿದರು.

ಚಾಚಿದವರು ಹಾಗೆಯೇ ನಿಂತರು. ಎದುರಿಗೆ ಗಿಡವಿತ್ತು. ಪೂರ್ತಿ ಹಸಿರು ಇಳಕಲ್ ಸೀರೆ, ಬುಡದಲ್ಲಿ ಅದರದೇ ಕೆಂಪು ಸೆರಗು. ನಮ್ಮ ದೊಡ್ಡವ್ವನ, ಅಂದರೆ ದೊಡ್ಡಪ್ಪನ ಹೆಂಡತಿಯ ಸೀರೆ. ಆಕೆ ತೀರಿಹೋದ ಮೇಲೆ ದೊಡ್ಡಪ್ಪನೇ ಆಕೆಯ ಸೀರೆಗಳನ್ನೆಲ್ಲ ಗಂಟು ಕಟ್ಟಿ, ನನ್ನ ಕಣ್ಣ ಮುಂದೆ ಬೇಡ ಎಂದು ಚಿಗವ್ವನ ಮನೆಗೆ ಕಳಿಸಿದ್ದರು. ಚಿಗವ್ವನಿಗೆ ಕೌದಿ ಕಲಿಸಿದವಳೂ ಆ ದೊಡ್ಡವ್ವನೇ. ಕೈಗೆ ಬಂದದ್ದನ್ನೆಲ್ಲ ಕತ್ತರಿಸುವ ಚಿಗವ್ವ ಆ ಗಂಟಿಗೆ ಮಾತ್ರ ಇಷ್ಟು ವರ್ಷ ಕತ್ತರಿ ಹಾಕಿರಲಿಲ್ಲ ಎಂದು ನನಗೆ ಆಗ ಹೊಳೆಯಿತು.

ದೊಡ್ಡಪ್ಪ ಚಪ್ಪಲಿ ಬಿಟ್ಟರು. ಹೊಸ್ತಿಲು ದಾಟಿದರು. ಗಿಡದ ಹತ್ತಿರ ಹೋಗಿ ಸೆರಗಿನ ಮೇಲೆ ಕೈಯಾಡಿಸಿದರು. ನನ್ನ ಕಡೆಗಲ್ಲ, ಬಾಗಿಲ ಕಡೆಗೇ ತಿರುಗಿ ಕೇಳಿದರು.

"ಇದರ ಹೊಟ್ಟಿ ತುಂಬೀದೇನವ್ವಾ?"

ಚಿಗವ್ವ ಬಾಗಿಲ ಹಿಂದಿನಿಂದ ಹೊರಗೆ ಬಂದಳು! ನಾನು ಅಭ್ಯಾಸಬಲದಿಂದ ಬಾಯಿ ತೆರೆದಿದ್ದೆ, ಸುಮ್ಮನೆ ಮುಚ್ಚಿಕೊಂಡೆ.

"ಇಲ್ರಿ ಬಾವಾರ. ಒಂದ ಬದಿ ಬಿಟ್ಟೇನಿ. ಅಕ್ಕಂದು ನಾ ಹ್ಯಾಂಗ ಮುಚ್ಚಲ್ರಿ? ನೀವ ಬಂದು ತುಂಬಬೇಕು ಅಂತ ಇಟ್ಟೇನಿ."

ಸೊಸೆ ಬಟ್ಟಲಲ್ಲಿ ಜೋಳ ತಂದು ಹಿಡಿದಳು. ದೊಡ್ಡಪ್ಪ ಮುಷ್ಟಿ ತುಂಬ ತೆಗೆದುಕೊಂಡು ಗಿಡದೊಳಗೆ ಹಾಕಿದರು. ಕೈ ಹೊರಗೆ ತೆಗೆಯಲು ತಡಮಾಡಿದರು. ಆಮೇಲೆ ಹುಡುಗಿಯ ತಲೆಯ ಮೇಲೆ ಅದೇ ಕೈ ಇಟ್ಟು, "ಕುಬಸದ ಸೀರಿ ನಾ ತರ್ತೇನವ್ವ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಚಿಗವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಭಾವನ ಮುಖವನ್ನೇ ನೋಡುತ್ತ ಹೇಳಿದಳು:

"ಎರಡ ತರ್ರಿ ಬಾವಾರ. ಗಿಡದ ತುದಿಗಿ ಅಕ್ಕನ ಹಸರು ಸೀರಿ ಸಾಲಿಲ್ಲ."