ಗೋಪನಕೊಪ್ಪದ ನಾಷ್ಟಾ ಸಂಶೋಧನೆ

ಸಂಶೋಧಕನಾದವನಿಗೆ ಸ್ವಲ್ಪ ನಿರ್ದಾಕ್ಷಿಣ್ಯ ಇರಬೇಕು ಎಂದು ಬಲ್ಲವರು ಹೇಳುತ್ತಾರೆ. ನನಗೆ ಅದು ಹುಟ್ಟಿನಿಂದಲೇ ಇಲ್ಲ. ನಾನು ಧಾರವಾಡದವನು. ನಮ್ಮಲ್ಲಿ ಒಬ್ಬರ ಮನೆಗೆ ಹೋಗುವುದಿದ್ದರೆ ಹಿಂದಿನ ದಿನವೇ ‘ನಾಳೆ ಬರ್ತೇನ್ರಿ’ ಎಂದು ತಿಳಿಸುವುದು ರೀತಿ. ಹೋದ ಮೇಲೆ ‘ಏನೂ ಬ್ಯಾಡ್ರಿ, ಈಗ ತಿಂದ ಬಂದೇನಿ’ ಎನ್ನುವುದೂ ರೀತಿ. ಹಾಗೆಂದ ಮೇಲೂ ತಾಟು ಖಾಲಿ ಮಾಡಿ ಏಳುವುದು ಎಲ್ಲಕ್ಕಿಂತ ದೊಡ್ಡ ರೀತಿ. ಇವನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ನನ್ನ ಸಂಶೋಧನೆ ಹಳ್ಳ ಹಿಡಿಯಿತು.

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವನು. ಉಳ್ಳವರ ಮಕ್ಕಳ ಆರೋಗ್ಯಕ್ಕೂ ಇಲ್ಲದವರ ಮಕ್ಕಳ ಆರೋಗ್ಯಕ್ಕೂ ಇರುವ ಅಂತರ ಶಾಲೆಯ ಅಂಕಗಳಲ್ಲಿ ಹೇಗೆ ಕಾಣುತ್ತದೆ ಎಂಬುದು ನನ್ನ ವಿಷಯ. ಸೆಮಿನಾರಿನಲ್ಲಿ ಇದನ್ನು ಯಾರಿಗೂ ಅರ್ಥವಾಗದಂತೆ ಹೇಳಬಲ್ಲೆ. ಸರಳವಾಗಿ ಹೇಳುವುದಾದರೆ, ಬೆಳಿಗ್ಗೆ ಬರೀ ಚಹಾ ಕುಡಿದು ಬಂದ ಮಗುವಿಗೆ ಗಣಿತ ತಲೆಗೆ ಹತ್ತುತ್ತದೆಯೇ? ಗೋಪನಕೊಪ್ಪದ ಒಂದು ಶಾಲೆಯ ಮುಖ್ಯ ಶಿಕ್ಷಕಿ ಪಾಟೀಲ ಅಕ್ಕೋರು ಮೊದಲ ದಿನವೇ ಹೇಳಿದ್ದರು: “ಮಧ್ಯಾಹ್ನದ ಊಟದ ಚಿಂತಿ ಇಲ್ರಿ ಸರ. ಮೊದಲನೇ ಪೀರಿಯಡ್‌ನಾಗ ಅರ್ಧ ಹುಡುಗರು ಡೆಸ್ಕಿನ ಮ್ಯಾಲೆ ತಲಿ ಇಟ್ಟಿರ್ತಾವ. ಇದಕ್ಕೊಂದು ದಾರಿ ಹುಡುಕ್ರಿ.” ನನ್ನ ವರದಿ ಗಟ್ಟಿಯಾಗಿದ್ದರೆ ಶಾಲೆಯಲ್ಲಿ ಬೆಳಗಿನ ನಾಷ್ಟಾ ಕೊಡಲು ಒಂದು ಟ್ರಸ್ಟಿನವರು ಒಪ್ಪಿದ್ದರು. ಹೀಗೆ ಶಾಲೆಯ ಪಕ್ಕದ ಒಂದು ಓಣಿಯ ಮಕ್ಕಳ ಹೊಟ್ಟೆ ನನ್ನ ವರದಿಯ ಮೇಲೆ ನಿಂತಿತ್ತು.

ಹಿಂದಿನ ದಿನ ಸಂಜೆಯೇ ಓಣಿಯಲ್ಲೆಲ್ಲ ‘ನಾಳೆ ಬರ್ತೇನ್ರಿ, ಮಕ್ಕಳು ಏನು ತಿಂತಾರ ಅಂತ ಕೇಳಾಕ’ ಎಂದು ಹೇಳಿ ಬಂದೆ. ಮರುದಿನ ಮೊದಲ ಮನೆಯಲ್ಲಿ ಶಿರಾ. ಎರಡನೆಯದರಲ್ಲಿ ಉಪ್ಪಿಟ್ಟು, ಮೇಲೆ ಶೇಂಗಾ. ರೆಹಾನಾ ಎಂಬ ತಾಯಿ ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿ ಆಯಾ, ಬೆಳಕು ಹರಿಯುವ ಮೊದಲೇ ಮನೆ ಬಿಡುವವರು. ನಾನು ಬರುತ್ತೇನೆಂದು ಅಂದು ಪಾಳಿ ಬದಲಿಸಿಕೊಂಡು ತುಪ್ಪದ ಶಿರಾ ಮಾಡಿದ್ದರು. “ದಿನಾ ಇದನ್ನ ಮಾಡ್ತೀರೇನ್ರಿ?” ಎಂದೆ. “ಹೌದ್ರಿ ಸರ, ದಿನಾ,” ಎಂದರು. ಅಷ್ಟರಲ್ಲಿ ಮಗಳು ಆಯೇಷಾ ತಾಟು ನೋಡಿ, “ಅಮ್ಮೀ, ಇವತ್ತ ಹಬ್ಬ ಐತೇನು?” ಎಂದಳು. ನಾನು ಕೇಳಿಸದವನಂತೆ ಶಿರಾ ತಿಂದೆ, ‘ದಿನಾ’ ಎಂದು ಬರೆದುಕೊಂಡೆ. ಸಭ್ಯತೆ ಅಂದರೆ ಹಾಗೆ.

ಟ್ರಸ್ಟಿನವರು ವರದಿ ಓದಿ ಸಂತೋಷಪಟ್ಟರು. “ಇಷ್ಟು ಛಲೋ ತಿನ್ನೋ ಮಕ್ಕಳಿಗೆ ನಮ್ಮ ನಾಷ್ಟಾ ಯಾಕ್ರಿ?” ಎಂದರು. ನನಗೆ ನೆಲ ಬಾಯ್ಬಿಟ್ಟರೆ ಸಾಕಿತ್ತು. ಅಸಮಾನತೆಯನ್ನು ಅಳೆಯಲು ಹೋಗಿ ಕಾಗದದ ಮೇಲೆ ಅದನ್ನು ನಿರ್ಮೂಲ ಮಾಡಿದ ದೇಶದ ಮೊದಲ ಸಮಾಜಶಾಸ್ತ್ರಜ್ಞ ನಾನೇ ಇರಬೇಕು.

ಈ ಸುದ್ದಿಯನ್ನು ಮುಖ ಸಣ್ಣದು ಮಾಡಿಕೊಂಡು ಓಣಿಗೆ ಹೋಗಿ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೆಹಾನಾ ಅವರಿಗೇ ಮೊದಲು ನಗು ಬಂತು. “ಸರ, ಮನಿಗೆ ಬಂದವರ ಮುಂದ ‘ನಮ್ಮ ಹುಡುಗಿ ಚಹಾ-ಟೋಸ್ಟ್ ತಿಂದು ಹೋಗ್ತಾಳ’ ಅಂತ ಹ್ಯಾಂಗ ಹೇಳೋದ್ರಿ? ನೀವರ ಹೇಳ್ತಿದ್ರೇನು?” ನಾನು ಹೇಳುತ್ತಿರಲಿಲ್ಲ. ವರದಿಯನ್ನು ಇನ್ನೊಮ್ಮೆ ಬರೆದು ಟ್ರಸ್ಟಿನವರನ್ನು ಕೇಳಿ ನೋಡುತ್ತೇನೆ ಎಂದೆ. “ಅವರು ಕೊಡೋತನಕ ಹುಡುಗರು ಹಸಗೊಂಡು ಕೂಡ್ಬೇಕೇನ್ರಿ?” ಎಂದು ರೆಹಾನಾ ಸೆರಗು ಬಿಗಿದರು. “ಆಸ್ಪತ್ರ್ಯಾಗ ನಾವು ಪಾಳಿ ಮ್ಯಾಲೆ ಕೆಲಸ ಮಾಡಂಗಿಲ್ಲೇನು? ಇಲ್ಲೂ ಪಾಳಿ ಹಚ್ಚೋಣು. ಒಂದೊಂದು ದಿನ ಒಂದೊಂದು ಮನಿ. ಒಂದ ದೊಡ್ಡ ಪಾತೇಲಿ, ಓಣಿ ಹುಡುಗರೆಲ್ಲಾ ಒಂದ ಕಟ್ಟಿ ಮ್ಯಾಲೆ.”

ಆ ಮುಂದಿನ ವಾರ ಕಟ್ಟೆಯ ಮೇಲೆ ಸಾಲಾಗಿ ಕೂತು ತಿನ್ನುತ್ತಿದ್ದ ಮಕ್ಕಳನ್ನು ಕಂಡಾಗ ನನಗಾದ ಸಂತೋಷ ಪಿಎಚ್‌ಡಿ ಬಂದ ದಿನವೂ ಆಗಿರಲಿಲ್ಲ. ಕಣ್ಣು ತುಂಬಿ ಬಂತು. ಅದೇ ಗಳಿಗೆ ನೋಡಿ ರೆಹಾನಾ ಅಂದರು: “ಗುರುವಾರದ ಪಾಳಿ ಖಾಲಿ ಐತ್ರಿ ಸರ. ನೀವೂ ನಮ್ಮ ಓಣಿ ಉಪ್ಪು ತಿಂದೀರಿ.”

ನವನಗರದ ಮನೆಗೆ ಬಂದು ಹೆಂಡತಿಗೆ ವಿಷಯ ಅರುಹಿದೆ. “ನಿಮ್ಮ ಸಂಶೋಧನಾ, ನೀವ ರವಾ ಹುರೀರಿ,” ಎಂದು ಆಕೆ ಪೇಪರು ಬಿಡಿಸಿದಳು. ಗುರುವಾರ ಬೆಳಿಗ್ಗೆ ಹುರಿದೆ. ಮೆಣಸಿನಕಾಯಿ ಎಷ್ಟು ಎಂದು ಕೇಳಲು ಸ್ವಾಭಿಮಾನ ಬಿಡಲಿಲ್ಲ. ಉಪ್ಪಿಟ್ಟಿನ ಡಬ್ಬಿಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೋಗಿ ನನ್ನ ಕೈಯಾರೆ ಬಡಿಸಿದೆ. ಮಕ್ಕಳು ಮಾತಿಲ್ಲದೆ ತಿಂದರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಶಾಲೆ ಶುರುವಾಗಿ ಸ್ವಲ್ಪ ಹೊತ್ತಿಗೆ ಪಾಟೀಲ ಅಕ್ಕೋರ ಫೋನು ಬಂತು. “ಸರ, ಇವತ್ತ ಮೊದಲನೇ ಪೀರಿಯಡ್‌ನಾಗ ಒಬ್ಬರೂ ತಲಿ ಇಟ್ಟಿಲ್ರಿ!”

“ಖರೇನ್ರಿ?” ಎಂದೆ, ಎದೆಯುಬ್ಬಿ.

“ಖರೇರಿ. ಎಲ್ಲಾರೂ ನೀರಿನ ಟಾಕಿ ಮುಂದ ನಿಂತಾರ.”

ನಾಷ್ಟಾಕ್ಕೂ ಮಕ್ಕಳ ಎಚ್ಚರಕ್ಕೂ ನೇರ ಸಂಬಂಧವಿದೆ ಎಂದು ಕೊನೆಗೂ ಸಾಬೀತಾಯಿತು. ಆದರೆ ಮುಂದಿನ ಗುರುವಾರದಿಂದ ನಾನು ಬರೀ ಬಾಳೆಹಣ್ಣು ತಂದರೆ ಸಾಕು ಎಂದು ಓಣಿ ತೀರ್ಮಾನಿಸಿದೆ.